ಗೋಡೆಯ ಹೊರಗಿನ ಇಗ್ವಾನಾಗಳು

"ಗುರುಗಳೇ, ಇಷ್ಟು ಭದ್ರವಾಗಿ ಕಾಪಾಡಿದರೂ ಓಲೆಗರಿಗಳು ಏಕೆ ನಾಶವಾಗುತ್ತಿವೆ?"

ಕೇಳಿದವನು ಮಠದ ಓಲೆಗರಿಗಳ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ. ಆರು ವರ್ಷಗಳಿಂದ ಭಂಡಾರದ ಬೀಗದ ಕೈ ಅವನ ಸೊಂಟವನ್ನು ಬಿಟ್ಟಿರಲಿಲ್ಲ. ಬೇರೆ ಯಾರೂ ಒಂದು ಗರಿಯನ್ನೂ ಮುಟ್ಟಿರಲಿಲ್ಲ. ಆ ಬೆಳಿಗ್ಗೆ ಅವನು ಪೆಟ್ಟಿಗೆಯನ್ನು ತೆರೆದಾಗ ಮೂರು ಕಟ್ಟುಗಳನ್ನು ಗೆದ್ದಲು ತಿಂದಿತ್ತು.

ಗುರುಗಳು ಹೇಳಿದರು:

ದೂರದ ಕಡಲಿನಲ್ಲಿ ಒಂದು ಸಣ್ಣ ದ್ವೀಪವಿತ್ತು. ಅಲ್ಲಿ ಇಗ್ವಾನಾ ಎಂಬ ಪ್ರಾಣಿ ಇತ್ತು. ನೋಡಲು ಅದು ನಮ್ಮ ಉಡದಂತೆ. ಆದರೆ ಸೊಪ್ಪು, ಹೂವು, ಹಣ್ಣುಗಳೇ ಅದರ ಆಹಾರ. ಆ ಬಗೆಯ ಇಗ್ವಾನಾ ಲೋಕದಲ್ಲಿ ಬೇರೆಲ್ಲಿಯೂ ಇರಲಿಲ್ಲ. ಅಲ್ಲಿಯೂ ಹನ್ನೊಂದು ಮಾತ್ರ ಉಳಿದಿದ್ದವು.

ಊರಿನವರು ಅವುಗಳನ್ನು ಒಬ್ಬ ಹೆಂಗಸಿನ ವಶಕ್ಕೆ ಒಪ್ಪಿಸಿದರು. ಆಕೆ ಕಲ್ಲಿನ ಗೋಡೆ ಕಟ್ಟಿ ಹನ್ನೊಂದನ್ನೂ ಒಳಗೆ ಬಿಟ್ಟಳು. ನೆಲಕ್ಕೆ ಚಪ್ಪಡಿ ಹಾಸಿದಳು. ದಿನಕ್ಕೆರಡು ಬಾರಿ ಗುಡಿಸಿದಳು. ಎಳೆಯ ಸೊಪ್ಪನ್ನೇ ಆರಿಸಿ ಹಾಕಿದಳು. ಇಗ್ವಾನಾಗಳು ಕೊಬ್ಬಿದವು. ಮೂರು ವರ್ಷವೂ ಚಪ್ಪಡಿಯ ಮೇಲೆಯೇ ಮೊಟ್ಟೆಯಿಟ್ಟವು. ಮೊಟ್ಟೆಗಳು ಬಿಸಿಲಿಗೆ ಒಣಗಿದವು. ಒಂದು ಮರಿಯೂ ಹುಟ್ಟಲಿಲ್ಲ. ಇಗ್ವಾನಾಗಳಿಗೆ ವಯಸ್ಸಾಗುತ್ತಿತ್ತು.

ನಾಲ್ಕನೆಯ ವರ್ಷ ಒಂದು ಹೆಣ್ಣು ಇಗ್ವಾನಾ ಗೋಡೆ ಹತ್ತಿ ಹೊರಟಿತು. ಹಿಡಿದು ತರಲೆಂದು ಆಕೆ ಬುಟ್ಟಿಯೊಡನೆ ಹಿಂಬಾಲಿಸಿದಳು. ಅದು ಕಡಲ ದಂಡೆಯ ಮರಳುದಿಬ್ಬವನ್ನು ಸೇರಿ ತೋಳುದ್ದದ ಬಿಲ ತೋಡಿತು. ಒಳಗೆ ಮೊಟ್ಟೆಯಿಟ್ಟು, ಮರಳು ಮುಚ್ಚಿ, ಮೇಲೆ ಕಾವಲು ಕುಳಿತಿತು. ಆಕೆ ಬುಟ್ಟಿಯನ್ನು ಕೆಳಗಿಟ್ಟಳು.

ಸಂಜೆ ಮೇಕೆಗಳು ಬಂದವು. ಆ ದ್ವೀಪದಲ್ಲಿ ಮೇಕೆಯನ್ನು ಕಟ್ಟುವ ಪದ್ಧತಿ ಇರಲಿಲ್ಲ. ಕಟ್ಟಿದವನನ್ನು ಜಿಪುಣನೆಂದು ಊರು ನಗುತ್ತಿತ್ತು. ಮೇಕೆಗಳು ದಿಬ್ಬದ ಪೊದೆಗಳನ್ನು ಬುಡದವರೆಗೆ ಮೇಯ್ದವು. ಅವುಗಳ ತುಳಿತಕ್ಕೆ ಬಿಲ ಕುಸಿಯಿತು. ಮೊಟ್ಟೆಗಳೆಲ್ಲ ಒಡೆದವು.

ಮರುದಿನ ಆಕೆ ಊರ ಹಿರಿಯರ ಮುಂದೆ ನಿಂತಳು.

"ನನ್ನ ಗೋಡೆಯೊಳಗೆ ಮೇಕೆಗಳಿರಲಿ. ಇಗ್ವಾನಾಗಳು ಹೊರಗಿರಲಿ."

ಎಲ್ಲರಿಗಿಂತ ಹೆಚ್ಚು ಮೇಕೆಗಳಿದ್ದ ಮೀನುಗಾರನೊಬ್ಬನು ನಕ್ಕನು. "ಏನಮ್ಮಾ, ಹಲ್ಲಿಗೆ ಊರೆಲ್ಲ, ನನ್ನ ಮೇಕೆಗೆ ಸೆರೆಮನೆಯೋ? ನಾಳೆ ನನ್ನನ್ನೂ ಕೂಡಿಹಾಕುವೆಯೇನು?"

"ನಿನ್ನ ಮೇಕೆ ಸೆರೆಮನೆಯಲ್ಲಿಯೂ ಮರಿ ಹಾಕುತ್ತದಪ್ಪಾ; ಇಗ್ವಾನಾ ಹಾಕುವುದಿಲ್ಲ. ನಿನ್ನನ್ನು ಮಾತ್ರ ಕೂಡಿಹಾಕಲಾರೆ. ನಿನಗೆ ಸಾಲುವಷ್ಟು ಸೊಪ್ಪು ಈ ದ್ವೀಪದಲ್ಲಿಲ್ಲ."

ಹಿರಿಯರೂ ನಕ್ಕರು. ಒಂದು ವರ್ಷದ ಗಡುವು ಕೊಟ್ಟರು. ಅಷ್ಟರಲ್ಲಿ ಮರಿ ಕಾಣದಿದ್ದರೆ ಮೇಕೆಗಳು ಹೊರಗೆ, ಗೋಡೆ ನೆಲಕ್ಕೆ.

ಆಕೆ ಕಲ್ಲು ಹೊತ್ತು ಗೋಡೆಯನ್ನು ಹಿಗ್ಗಿಸಿದಳು. ಇಗ್ವಾನಾಗಳನ್ನು ಒಂದೊಂದಾಗಿ ಒಯ್ದು ದಿಬ್ಬದಲ್ಲಿ ಬಿಟ್ಟಳು. ಮೇಕೆಗಳಿಗೆ ದಿನವೂ ಸೊಪ್ಪು ಹೊತ್ತಳು. ಪೊರಕೆಯನ್ನು ಮುಟ್ಟಲಿಲ್ಲ. ದಿಬ್ಬದಲ್ಲಿ ಪೊದೆಗಳು ಚಿಗುರಿದವು. ಹೆಣ್ಣುಗಳು ಬಿಲ ತೋಡಿ ಮೊಟ್ಟೆಯಿಟ್ಟವು. ಮೂರು ತಿಂಗಳು ಮರಳು ಅಲುಗಲಿಲ್ಲ. ಗಡುವಿಗೆ ನಾಲ್ಕು ದಿನ ಉಳಿಯಿತು.

ಆ ದಿನ ಬೆಳಿಗ್ಗೆ ಅದೇ ಮೀನುಗಾರನು ದೋಣಿಯನ್ನು ನೀರಿಗೆ ತಳ್ಳುತ್ತಿದ್ದನು. ಅವನ ಕಾಲಬಳಿ ಮರಳು ಅಲುಗಿತು. ಹೆಬ್ಬೆರಳಿನಷ್ಟು ತಲೆಯೊಂದು ಹೊರಬಂದಿತು. ಅದರ ಹಿಂದೆ ಇನ್ನೊಂದು. ಅವನು ದೋಣಿಯನ್ನು ಹಿಂದಕ್ಕೆಳೆದು ಶಂಖ ಊದಿದನು. ಊರು ಓಡಿಬಂದಿತು. ಮೂವತ್ತೆಂಟು ಮರಿಗಳು ಮರಳಿನಿಂದೆದ್ದು ಪೊದೆಗಳ ಕಡೆಗೆ ಹೊರಟವು. ಊರಿಗೆ ಊರೇ ಎರಡು ಸಾಲಾಗಿ ದಾರಿಬಿಟ್ಟು ನಿಂತಿತು.

"ಯಾರೂ ಕಾಲು ಅಲುಗಿಸಬೇಡಿ!" ಎಂದು ಮೀನುಗಾರನು ಕೂಗಿದನು. "ನಮ್ಮವು ಬರುತ್ತಿವೆ!"

ಕೊನೆಯ ಮರಿ ಪೊದೆ ಸೇರುವವರೆಗೆ ಆಕೆ ತಲೆಯೆತ್ತಿ ನಿಂತಿದ್ದಳು.

ಇಂದು ಆ ದ್ವೀಪದಲ್ಲಿ ಇಗ್ವಾನಾಗಳನ್ನು ಯಾರೂ ಎಣಿಸುವುದಿಲ್ಲ, ಎಣಿಸಿ ಮುಗಿಯುವುದಿಲ್ಲ. ಅವು ತಿಂದ ಹಣ್ಣುಗಳ ಬೀಜ ಬಿದ್ದಲ್ಲೆಲ್ಲ ಮರಗಳೆದ್ದಿವೆ. ಮೇಕೆಯನ್ನು ಕಟ್ಟದೆ ಬಿಟ್ಟವನನ್ನು ಕಂಡು ಈಗ ಊರು ನಗುತ್ತದೆ.

ಶಿಷ್ಯನ ಮುಖ ಅರಳಿತು. "ಹಾಗಾದರೆ ಗೋಡೆಯಲ್ಲಿ ತಪ್ಪಿರಲಿಲ್ಲ, ಅಲ್ಲವೇ ಗುರುಗಳೇ?"

ಗುರುಗಳು ಅವನ ಸೊಂಟದ ಬೀಗದ ಕೈಯತ್ತ ನೋಡಿದರು.

"ಆರು ವರ್ಷ ನಿನ್ನ ಬೀಗ ಹೊರಗಿಟ್ಟದ್ದು ಗೆದ್ದಲನ್ನೋ, ಓದುವವರನ್ನೋ?"