ಸಾವಿರದ ಒಂಬತ್ತನೆಯ ಎಲೆ

"ಗುರುಗಳೇ, ಈ ಹಾಳು ಶೇಷವನ್ನು ತೊಲಗಿಸುವುದು ಹೇಗೆ?" ಎಂದು ಶಾಂತವೀರ ಕೇಳಿದ.

ಕೇಳಿದ ಎನ್ನುವುದಕ್ಕಿಂತ ಸಿಡುಕಿದ ಎನ್ನಬೇಕು. ಒಂದು ಲಕ್ಷದ ಮೂರು ಎಂಬ ಸಂಖ್ಯೆಯನ್ನು ಮರಳಿನ ಮೇಲೆ ಬರೆದುಕೊಂಡು ಬೆಳಗಿನಿಂದ ಭಾಗಿಸುತ್ತ ಕೂತಿದ್ದ. ಏಳರಿಂದ ಭಾಗಿಸಿದರೆ ಒಂದು ಉಳಿಯುತ್ತದೆ, ಹನ್ನೊಂದರಿಂದ ಭಾಗಿಸಿದರೆ ಎರಡು. ಯಾವುದರಿಂದ ಭಾಗಿಸಿದರೂ ಏನಾದರೊಂದು ಉಳಿದೇ ಉಳಿಯುತ್ತದೆ. ಒಂದು ಸಂಖ್ಯೆಗೆ ಇಷ್ಟು ಹಟವೇ! ಅವನಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು.

ಗುರು ಹೇಳಿದರು:

"ಒಬ್ಬ ಸಾಹುಕಾರ ಹೊಸ ಮನೆ ಕಟ್ಟಿಸಿ ಸುತ್ತಲಿನ ಹಳ್ಳಿಗಳಿಗೆಲ್ಲ ಊಟಕ್ಕೆ ಹೇಳಿಸಿದ. ಸಾವಿರದ ಒಂಬತ್ತು ಜನ ಬಂದರು. ಪಂಕ್ತಿಗಳೆಲ್ಲ ಸಮನಾಗಿರಬೇಕು, ಒಂದು ಪಂಕ್ತಿ ಗಿಡ್ಡವಾದರೂ ಮನೆಗೆ ಶ್ರೇಯಸ್ಸಲ್ಲ ಎಂಬುದು ಅವನ ಹಟ. ಹನ್ನೆರಡು ಪಂಕ್ತಿ ಮಾಡಿಸಿದ. ಕಾಲುನೋವಿನಿಂದ ಎಲ್ಲರಿಗಿಂತ ಹಿಂದೆ ಬಿದ್ದಿದ್ದ ಒಬ್ಬ ಮುದುಕಿ ಉಳಿದಳು. ಎಲ್ಲರನ್ನೂ ಎಬ್ಬಿಸಿ ಹದಿನಾಲ್ಕು ಮಾಡಿಸಿದ. ಮತ್ತೆ ಅವಳೇ ಉಳಿದಳು. ಹದಿನೈದು ಮಾಡಿಸಿದರೆ ನಾಲ್ವರು ಉಳಿದರು, ಅವರಲ್ಲಿಯೂ ಅವಳು. ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸೋಣವೆಂದರೆ ಅಂಗಳ ಸಾಲದು. ಕೂತವರು ಏಳಬೇಕು, ಎದ್ದವರು ಕೂರಬೇಕು. ಮಕ್ಕಳು ಹಸಿವಿಗೆ ರಚ್ಚೆ ಹಿಡಿದವು. 'ಸಾರು ಆರಿಹೋಯಿತು ಸ್ವಾಮಿ' ಎಂದು ಅಡುಗೆಯವರು ಹಣೆ ಚಚ್ಚಿಕೊಂಡರು. ಅನ್ನವನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕುವವನಿಗೆ ಯಾರು ಬುದ್ಧಿ ಹೇಳುವುದು!

"ಮುದುಕಿ ಎರಡು ಹರದಾರಿ ನಡೆದು ಬಂದಿದ್ದಳು. ಹಿಂದಿನ ದಿನವೂ ಅವಳ ಒಲೆ ಹೊತ್ತಿರಲಿಲ್ಲ. 'ನನಗೆ ಪಂಕ್ತಿ ಯಾಕಪ್ಪಾ? ಮೂಲೆಯಲ್ಲಿ ಒಂದು ಎಲೆ ಹಾಕಿಸು, ಉಂಡು ಹೋಗುತ್ತೇನೆ' ಎಂದಳು.

"'ಅದೂ ಒಂದು ಪಂಕ್ತಿಯೇ ಆಗುತ್ತದಲ್ಲ ಅಜ್ಜಿ! ನಿನ್ನಿಂದಲೇ ಎಲ್ಲ ಕೆಡುತ್ತಿರುವುದು!' ಎಂದು ಸಾಹುಕಾರ ರೇಗಿದ. ಅವಳ ರಟ್ಟೆ ಹಿಡಿದು ಬಾಗಿಲಾಚೆ ಬಿಟ್ಟು ಬಂದ. ಸಾವಿರದ ಎಂಟು ಜನ ಹದಿನಾಲ್ಕು ಪಂಕ್ತಿಗಳಲ್ಲಿ ಕೂತರು. ಒಂದು ಎಲೆ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಸಾಹುಕಾರ ಅಂಗಳದ ಈ ತುದಿಯಿಂದ ಆ ತುದಿಗೆ ನೋಡಿ, 'ಅಬ್ಬಾ, ಈಗ ಸರಿಹೋಯಿತು' ಎಂದು ಉಸಿರುಬಿಟ್ಟ. ಬಡಿಸಲು ಹೇಳಿದ."

ಗುರು ಅಲ್ಲಿಗೆ ನಿಲ್ಲಿಸಿದರು.

ಕತೆಯುದ್ದಕ್ಕೂ ಶಾಂತವೀರನ ಬೆರಳು ಮರಳಿನ ಮೇಲೆ ಓಡುತ್ತಲೇ ಇತ್ತು. ಈಗ ಅವನು ತಲೆಯೆತ್ತಿದ. ಬೆಳಗಿನಿಂದ ಗಂಟಿಕ್ಕಿದ್ದ ಮುಖ ಮೊದಲ ಸಲ ಅರಳಿತ್ತು.

"ಗುರುಗಳೇ, ಸಾವಿರದ ಒಂಬತ್ತೂ ನನ್ನ ಸಂಖ್ಯೆಯ ಜಾತಿಯದೇ! ಒಂದನ್ನೂ ತನ್ನನ್ನೂ ಬಿಟ್ಟರೆ ಅದು ಯಾವುದಕ್ಕೂ ಬಗ್ಗುವುದಿಲ್ಲ. ಆದರೆ ಒಂದನ್ನು ಕಳೆದು ನೋಡಿ, ಸಾವಿರದ ಎಂಟು ಎಷ್ಟು ಚೆನ್ನಾಗಿ ಭಾಗವಾಗುತ್ತದೆ! ಏಳರಿಂದಲೂ ಆಗುತ್ತದೆ, ಎಂಟರಿಂದಲೂ ಆಗುತ್ತದೆ, ಒಂಬತ್ತರಿಂದಲೂ ಆಗುತ್ತದೆ!"

ಗುರು ಹೇಳಿದರು: "ಆ ಮುದುಕಿ ಉಂಡಳೋ ಇಲ್ಲವೋ ಎಂದು ನೀನೂ ಕೇಳಲಿಲ್ಲವಲ್ಲ, ಶಾಂತವೀರ."