ಈರಸಂಗ ಪ್ರೋಗ್ರಾಮು ಕಟ್ಟಿದ್ದು

ಗುಳೇದಗುಡ್ಡದಾಗ ಗಂಗವ್ವ ಅಂತ ಒಬ್ಬಾಕಿ. ಕುಬಸದ ಖಣ ನೇಯೋದರಾಗ ಭಾಳ ಶಾಣ್ಯಾಕಿ. ಆಕಿ ಮಗ ಈರಸಂಗ. ಹೇಳಿದ ಮಾತು ಅಂವನ ಕಿವ್ಯಾಗ ಹೋಗತಿತ್ತು, ಅರ್ಥ ಮಾತ್ರ ಹೊರಗೇ ನಿಂತಿರತಿತ್ತು.

ಸೋಮವಾರ ಸಾವಕಾರ್ರಿಗೆ ಹೊಸ ನಮೂನಿ ಖಣ ತೋರಿಸಬೇಕು. ಇಲ್ಲಂದ್ರ ಕೆಲಸ ಬ್ಯಾರೇದವರ ಪಾಲು. ನಕ್ಷೆ ತೆಗೆಯೋ ಪ್ರೋಗ್ರಾಮು ಪುಕ್ಕಟೆ ಸಿಕ್ಕಿತ್ತು ಖರೇ. ಆದ್ರ ಬರೇ ಕೋಡು. ಮನ್ಯಾಗಿನ ಕಂಪ್ಯೂಟರಿನಾಗ ಕಂಪೈಲ್ ಮಾಡಿ ಪ್ರೋಗ್ರಾಮು ಕಟ್ಟಿಕೋಬೇಕು.

"ಮಗಾ, ನಾ ನೂಲು ಸುತ್ತತೀನಿ, ನೀ ಕಂಪೈಲ್ ಒತ್ತು. ಏನರ ಇಲ್ಲ ಅಂತು ಅಂದ್ರ, ತಂದು ಕೊಡು."

"ಹೂಂ ಯವ್ವಾ!"

ಒತ್ತಿದ. "ಚಿತ್ರದ ಲೈಬ್ರರಿ ಇಲ್ಲ" ಅಂತು. ಓಡಿದ! ಊರ ಲೈಬ್ರರಿಯಿಂದ ಚಿತ್ರದ ಪುಸ್ತಕ ಎರಡು ಬಗಲು ತುಂಬಿ ತಂದ. ಒಂದೊಂದೇ ಹಾಳಿ ತೆರೆದು ಪರದೆಗೆ ಹಿಡಿದ.

"ನೋಡ್ಕೋ! ಇದು ಆನಿ. ಇದು ನವಿಲು. ಸಾಕಾತಿಲ್ಲ?"

"ಅಯ್ಯ ಹುಚ್ಚಪ್ಯಾಲಿ!" ಅಂದ್ಲು ಗಂಗವ್ವ. "ಮುಂದ ಹಿಡಿದ್ರ ಏನು ಬಂತೋ? ಒಳಗ ಹಾಕಬೇಕು, ಒಳಗ!" ಕಂಪ್ಯೂಟರು ಕೇಳಿದ ಲೈಬ್ರರಿ ಅಂದ್ರ ಅದೂ ಕೋಡೇ; ತಾನೇ ನೆಟ್ಟಿನಿಂದ ಇಳಿಸಿ ಹಾಕಿದ್ಲು.

ಮತ್ತ ಒತ್ತಿದ. "ಬಣ್ಣದ ಪ್ಯಾಕೇಜು ಇಲ್ಲ" ಅಂತು. ಓಡಿದ! ನೂಲಿಗೆ ಹಾಕೋ ಕೆಂಪು ಬಣ್ಣದ ಪಾಕೀಟು ತಂದ, ಕಂಪ್ಯೂಟರಿನ ಡಬ್ಬಿ ಬಿಚ್ಚಿದ, ಒಳಗ ಸುರಿದ. ಫ್ಯಾನು ಗಿರ್ ಅಂತು. ಗ್ವಾಡಿ ಕೆಂಪು, ಬೆಕ್ಕು ಕೆಂಪು, ಅವ್ವ ಕೆಂಪು!

"ಒಳಗ ಹಾಕೀನಿ ಯವ್ವಾ!"

"ನನ್ನ ಹಣೇಬರಾ! ಪಾಕೀಟಲ್ಲೋ, ಅದೂ ನೆಟ್ಟಿನಾಗ ಸಿಗತೈತಿ! ಒಂದಕ್ಕ ಇನ್ನೊಂದು ಬೇಕಂದ್ರ ಮೊದಲು ಆ ಇನ್ನೊಂದು ತಾ. ಅದಕ್ಕ ಮತ್ತೊಂದು ಬೇಕಂದ್ರ ಮೊದಲು ಆ ಮತ್ತೊಂದು. ಬುಡದಿಂದ ಬಾ, ಬುಡದಿಂದ! ಈಗ ಹೋಗು, ಒಂದು ಕಪ್ಪು ಚಾ ಮಾಡ್ಕೊಂಡು ಬಾ."

ಹೋದ. ಹೋದಾಂವ ಸಂಜಿಗೆ ಬಂದ, ತಲಿ ಮ್ಯಾಲೆ ಮೇವಿನ ಹೊರಿ.

"ಚಾ ಎಲ್ಲೋ?"

"ಚಾಕ್ಕ ಹಾಲು ಬೇಕು. ಹಾಲಿಗೆ ಎಮ್ಮಿ ಬೇಕು. ಎಮ್ಮಿಗೆ ಮೇವು ಬೇಕು. ಬುಡದಿಂದ ಬಂದೀನಿ ಯವ್ವಾ! ಎಮ್ಮಿ ನಾಳೆ!"

"ಮನ್ಯಾಗ ಹಾಲು ಇತ್ತಲ್ಲೋ ಖೋಡಿ! ಇದ್ದದ್ದನ್ನ ಮತ್ಯಾಕ ತರತಿ?"

ಕಡೀಕ ಗಂಗವ್ವ ತಾನೇ ಮಗನ ಬಾಜೂಕ ಕುಂತ್ಲು. ಯಾವುದು ಐತಿ, ಯಾವುದು ಇಲ್ಲ ನೋಡಿದ್ಲು. ಇಲ್ಲದ್ದನ್ನಷ್ಟ ಬುಡದಿಂದ ಇಳಿಸಿದ್ಲು. ಕಂಪೈಲ್ ಆತು! ನಕ್ಷೆ ಬಂತು! ಮೂರು ದಿನ ಕಟ್ಟಿಗಿ ಮಗ್ಗದಾಗ ಕುಂತು ಎರಡು ಖಣ ನೇಯ್ದು ಮುಗಿಸಿದ್ಲು. ಎಂಥಾ ಖಣ! ಕೈ ಹಚ್ಚಾಕ ಮನಸ್ಸು ಬರಬಾರದು, ಅಂಥಾವು.

ಸೋಮವಾರ ಹೊಂಟು ನಿಂತು ಅಂದ್ಲು, "ಮಗಾ, ಕಂಪ್ಯೂಟರಿನಾಗ ಜಾಗ ಇಲ್ಲ. ಮಾಡೂ ಹೊತ್ತಿಗಷ್ಟ ಬೇಕಾಗಿದ್ದು, ಮಾಡಿ ಮುಗಿದ ಮ್ಯಾಲೆ ಇಟ್ಕೋಬಾರದು. ತೆಗೆದುಬಿಡು."

ಸಾವಕಾರ್ರು ಖಣ ನೋಡಿದ್ರು. "ಭೇಷ್ ಗಂಗವ್ವ! ಹಿಂಥಾವ ನೂರು ಬೇಕು, ಇವತ್ತಿಂದನ ಹಚ್ಚು!" ಗಂಗವ್ವನ ಕಾಲು ನೆಲದ ಮ್ಯಾಲೆ ಇರಲಿಲ್ಲ.

ಮನಿಗೆ ಬಂದ್ಲು. ಕಂಪ್ಯೂಟರು ನೋಡಿದ್ಲು. ಬ್ಯಾಡಾದ್ದೆಲ್ಲ ತೆಗೆದಿದ್ದ, ಪ್ರೋಗ್ರಾಮು ಮಾತ್ರ ಹಾಂಗ ಇತ್ತು. "ಶಾಣ್ಯಾ ಆದೆಲ್ಲೋ ನನ್ನ ಮಗನ!" ಅಂತ ಕಣ್ಣಾಗ ನೀರು ತಂದ್ಲು. ನಡುಮನಿಗೆ ಹೋದ್ಲು. ಮಗ್ಗ ಇಲ್ಲ!

"ಈರಸಂಗಾ! ಮಗ್ಗ ಎಲ್ಲೋ?"

ಬಚ್ಚಲದಾಗಿಂದ ಒದರಿದ ಈರಸಂಗ:

"ಖಣ ನೇಯ್ದು ಮುಗೀತಲ್ಲ ಯವ್ವಾ, ಇನ್ನ ಅದ್ಯಾಕ? ಬಾ, ನೀರು ಛಲೋ ಕಾದಾವು, ಜಳಕ ಮಾಡು!"