ಸಿಡಿಲಣ್ಣನನ್ನು ಕೊಲ್ಲಲು ಹೊರಟವಳು

ತುಂಗಭದ್ರೆಯ ದಡದಲ್ಲಿ ರುದ್ರಮುನಿ ಎಂಬ ಚಿತ್ರಕಲೆಯ ಗುರುಗಳಿದ್ದರು. ಅವರ ಶಿಷ್ಯೆ ಇಂದುಮತಿ ಮಕ್ಕಳಿಗಾಗಿ ಏಳು ವೀರರ ಚಿತ್ರಕಥೆ ಬರೆಯುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಸಿಟ್ಟಿನಿಂದ ಬಂದು ಗುರುಗಳ ಮುಂದೆ ಕುಳಿತಳು.

“ಗುರುಗಳೇ, ಸಿಡಿಲಣ್ಣನನ್ನು ಕೊಂದುಬಿಡುತ್ತೇನೆ.”

“ಯಾಕವ್ವಾ, ಅವನೇನು ಮಾಡಿದ?”

“ಏಳು ಜನರಲ್ಲಿ ಅವನೂ ಒಬ್ಬ ಅಂತ ಶುರು ಮಾಡಿದೆ. ಈಗ ಯಾವ ಪುಟ ತೆರೆದರೂ ಅವನೇ. ಮಕ್ಕಳಿಗೆ ಅವನೇ ಬೇಕು. ಈ ಕಥೆಯನ್ನು ಸಿನಿಮಾ ಮಾಡುತ್ತಿರುವವರ ಪೋಸ್ಟರಿನಲ್ಲೂ ಅವನದೇ ಮುಖ, ಉಳಿದವರು ಅವನ ಬೆನ್ನ ಹಿಂದೆ ಬೆರಳುದ್ದ. ಆ ಆರು ಜನರನ್ನೂ ಹೆತ್ತವಳು ನಾನೇ ಅಲ್ಲವೇ?”

ಗುರುಗಳು ಕುಂಚ ತೊಳೆಯುತ್ತಲೇ ಹೇಳಿದರು: “ಸರಿ, ಕೊಲ್ಲು.”

ಬೈಸಿಕೊಳ್ಳಲು ಸಿದ್ಧಳಾಗಿ ಬಂದಿದ್ದ ಇಂದುಮತಿ ತಬ್ಬಿಬ್ಬಾದಳು.

“ಆದರೆ ಅವನು ಸಾಯುವಾಗ ಆರು ಜನರೂ ಹತ್ತಿರವಿರಲಿ. ಒಬ್ಬೊಬ್ಬರೂ ಏನು ಮಾಡುತ್ತಾರೋ ನೋಡಿ ಬರೆ.”

ನಾಲ್ಕು ದಿನ ಅವಳ ಸುಳಿವಿಲ್ಲ. ಐದನೆಯ ದಿನ ಓಡುತ್ತಾ ಬಂದಳು. ಕೆನ್ನೆಯ ಮೇಲೆಲ್ಲ ಮಸಿ.

“ಸತ್ತನೇ?”

“ಎಲ್ಲಿ ಸಾಯುತ್ತಾನೆ ಗುರುಗಳೇ! ಅವರು ಬಿಡಬೇಕಲ್ಲ!”

ಅವಳು ಹಾಳೆಗಳನ್ನು ಮರಳಿನ ಮೇಲೆ ಹರಡಿದಳು.

ಮೊದಲ ಚಿತ್ರದಲ್ಲಿ ಪ್ರವಾಹಕ್ಕೆ ಸೇತುವೆ ಕುಸಿದಿತ್ತು. ಅದರಡಿ ಸಿಡಿಲಣ್ಣ ಸಿಕ್ಕಿಬಿದ್ದಿದ್ದ. ಉಳಿದ ಆರು ಜನರಲ್ಲಿ ಸದಾ ಹಿಂದೆ ನಿಲ್ಲುತ್ತಿದ್ದ ನೀಲವ್ವ ಎಲ್ಲರಿಗಿಂತ ಮೊದಲು ನೀರಿಗೆ ಹಾರಿದ್ದಳು. ಅಲ್ಲಿಯವರೆಗೆ ಒಂದು ಮಾತೂ ಆಡದಿದ್ದ ಕಲ್ಲಪ್ಪ ತೊಲೆಗೆ ಹೆಗಲು ಕೊಟ್ಟು “ಎತ್ರೋ!” ಎಂದು ಅರಚಿದ್ದ.

“ಇವನಿಗೆ ಇಂಥ ದನಿ ಇದೆ ಅಂತ ನನಗೇ ಗೊತ್ತಿರಲಿಲ್ಲ,” ಎಂದಳು ಇಂದುಮತಿ.

ಕೊನೆಯ ಚಿತ್ರದಲ್ಲಿ ಆರು ಜನ ಸಿಡಿಲಣ್ಣನನ್ನು ಹೊತ್ತು ದಡ ಹತ್ತುತ್ತಿದ್ದರು. ಅವನು ನಾಚಿಕೊಂಡು ಕೇಳಿದ್ದ: “ನಾನು ಭಾರವೇ?”

“ಹೂಂ, ಸಿಕ್ಕಾಪಟ್ಟೆ!” ಎಂದು ಆರೂ ಜನ ನಗುತ್ತಿದ್ದರು.

ಗುರುಗಳೂ ನಕ್ಕರು. ನಕ್ಕು ನಕ್ಕು ಕಣ್ಣೊರೆಸಿಕೊಂಡರು.

“ಕೊಲ್ಲಲು ಹೋದವಳು ಸೋತು ಬಂದೆ,” ಎಂದಳು ಅವಳು. “ಮುಂದಿನ ಕಥೆಯಲ್ಲಿ ಇವನನ್ನೇನು ಮಾಡಲಿ?”

“ಒಂದು ನಾಲ್ಕು ಪುಟ ಹೊದ್ದು ಮಲಗಲಿ ಬಿಡವ್ವಾ, ಪಾಪ.”